ಮರದ ಮೇಲೆ ಅಕ್ಕಿ ತೋರಿಸಿದ ಗೈಡು

ಕಾಡಿಗೆ ಹೋದವರಿಗೆಲ್ಲ ಏನೋ ಒಂದು ಸಿಗುತ್ತೆ. ಒಬ್ಬರಿಗೆ ಜಿಂಕೆ, ಇನ್ನೊಬ್ಬರಿಗೆ ಮಂಗಟ್ಟೆ ಹಕ್ಕಿ, ಅದೃಷ್ಟ ಇದ್ದವರಿಗೆ ಹುಲಿಯ ಹೆಜ್ಜೆ. ನನಗೆ ಮಾತ್ರ ಹೋದಾಗಲೆಲ್ಲ ಒಂದೊಂದು ಫಜೀತಿ ಸಿಗುತ್ತೆ. ಅದನ್ನ ನಾನು ಹುಡುಕಿಕೊಂಡೇನೂ ಹೋಗಲ್ಲ. ತಾನಾಗಿ ಬಂದು ದಾರಿಗೆ ಅಡ್ಡ ನಿಲ್ಲುತ್ತೆ.

ನನ್ನ ಬಗ್ಗೆ ಮೊದಲು ಹೇಳಿಬಿಡ್ತೀನಿ, ಬೇರೆಯವರು ಹೇಳಿದರೆ ಕಡಿಮೆ ಹೇಳ್ತಾರೆ. ಯಲಹಂಕದಿಂದ ಆಚೆ, ದ್ರಾಕ್ಷಿ ತೋಟ ಹೋಗಿ ಲೇಔಟ್ ಬಂದಿರೋ ಹಳ್ಳಿ ನಮ್ಮದು. ಕೆರೆ ಏರಿ ಮೇಲೆ ಬರಿಗಾಲಲ್ಲಿ ಓಡಿ ಬೆಳೆದ ಕಾಲು ಇದು. ಸಂಜಯನಗರದ ಒಂದು ಸಣ್ಣ ಟ್ರೆಕ್ಕಿಂಗ್ ಕಂಪನಿಯಲ್ಲಿ ನಾನು ಗೈಡು. ಶುಕ್ರವಾರ ಸಂಜೆ ಬಸ್ಸಿನಲ್ಲಿ ಜನ ತುಂಬಿಕೊಂಡು ಕುದುರೆಮುಖದ ಕಡೆ ಹೊರಡೋದು, ಕಾಡು ತೋರಿಸಿ, ಬೆಟ್ಟ ಹತ್ತಿಸಿ, ಭಾನುವಾರ ಎಲ್ಲರನ್ನೂ ಜೋಪಾನವಾಗಿ ಅವರವರ ಮನೆ ಹತ್ತಿರ ಇಳಿಸೋದು. ಏಸಿಯಲ್ಲಿ ಕೂತು ಕೂತು ಮೊಣಕಾಲಿನ ಕೀಲು ಬಿಗಿದುಕೊಂಡವರನ್ನೆಲ್ಲ ನಾನು ಶಿಖರ ಮುಟ್ಟಿಸಿದ್ದೀನಿ. ಆ ಕಂಪನಿಯಲ್ಲಿ ಬೆಟ್ಟ ಹತ್ತೋದರಲ್ಲಿ ನನ್ನ ಮೀರಿಸೋನು ಇಲ್ಲ. ಇದನ್ನ ಜಂಬ ಅಂತ ತಿಳಿಯೋರು ಒಂದು ಸಲ ನನ್ನ ಹಿಂದೆ ಹತ್ತಿ ನೋಡಲಿ.

ನನ್ನಲ್ಲಿ ಒಂದೇ ಒಂದು ಕೊರತೆ. ನಮ್ಮೂರಲ್ಲಿ 'ಹ' ಅನ್ನೋ ಅಕ್ಷರ ಸ್ಲೇಟಿನ ಮೇಲೆ ಇತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ಹಾಲು ಆಲು, ಹಸು ಅಸು, ಹುಡುಗಿ ಉಡುಗಿ. ಇದರಿಂದ ಊರಲ್ಲಿ ಯಾರಿಗೂ ತೊಂದರೆ ಆಗಿದ್ದಿಲ್ಲ. ಎಲ್ಲರೂ ಆಲೇ ಕುಡಿದು ದೊಡ್ಡವರಾದವರು. ಬರೆಯುವಾಗ ನನ್ನ ಹಕಾರಕ್ಕೆ ಏನೂ ಆಗಿಲ್ಲ, ನೀವೇ ನೋಡ್ತಿದ್ದೀರಿ. ಬಾಯಿ ತೆಗೆದರೆ ಮಾತ್ರ ಅದು ಎಲ್ಲಿ ಹೋಗಿ ಅವಿತುಕೊಳ್ಳುತ್ತೋ ಗೊತ್ತಿಲ್ಲ.

ಹೋದ ವರ್ಷ ಮಳೆಗಾಲ ಶುರುವಾಗೋ ಹೊತ್ತಿಗೆ ನಮ್ಮ ಹೆಡ್ ಗೈಡು ಕೆಲಸ ಬಿಟ್ಟ. ದೀಪಾವಳಿ ಒಳಗೆ ನಿಮ್ಮಲ್ಲೇ ಒಬ್ಬರನ್ನ ಹೆಡ್ ಮಾಡ್ತೀನಿ ಅಂದರು ಮೇಡಂ. ಮೇಡಂ ಅಂದರೆ ಕಂಪನಿಯ ಯಜಮಾನಿ. ಅವರು ಮಾತು ಮುಗಿಸೋ ಮೊದಲೇ ನಾನು ಊರಲ್ಲೆಲ್ಲ ನಾನೇ ಹೆಡ್ ಅಂತ ಸಾರಿಬಿಟ್ಟಿದ್ದೆ. ಹುಡುಗರು ಫ್ಲೆಕ್ಸ್ ಹಾಕಿಸೋಕೆ ಫೋಟೋ ಕೇಳಿದರು, ಕೂಲಿಂಗ್ ಗ್ಲಾಸ್ ಹಾಕಿದ್ದು ಕಳಿಸಿಯೂ ಆಗಿತ್ತು. ಇದು ನನ್ನ ಸೋದರಮಾವನ ಕಿವಿಗೆ ಬಿತ್ತು. ಮಾವ ಜಮೀನಿನಲ್ಲಿ ನಾಲ್ಕಂತಸ್ತಿನ ಪೀಜಿ ಕಟ್ಟಿಸಿರೋರು. ಅವರಿಗೆ ನಾನು ಕಾಡು ಅಲೆಯೋದೇ ಸೇರದು. "ದೀಪಾವಳಿಗೆ ನೀನು ಎಡ್ ಆಗಿದ್ರೆ ಸರಿ. ಇಲ್ಲಾಂದ್ರೆ ತೆಪ್ಪಗೆ ಬಂದು ನನ್ನ ಪೀಜೀಲಿ ಕುಂತ್ಕೊ," ಅಂದರು. ನಮ್ಮಮ್ಮನೂ ಹೂಂ ಅಂದಳು. ಪೀಜಿಯಲ್ಲಿ ಕೂರೋದು ಅಂದರೆ ಗೀಸರ್ ಕೆಟ್ಟಾಗ ಬೈಸಿಕೊಳ್ಳೋದು, ಚಪಾತಿ ಗಟ್ಟಿಯಾದಾಗ ಬೈಸಿಕೊಳ್ಳೋದು. ಅದನ್ನೂ ಸಹಿಸಬಹುದು. ಅಲ್ಲಿನ ಹುಡುಗರು ನನ್ನನ್ನ ಅಂಕಲ್ ಅಂತಾರೆ.

ಹಾಗಾಗಿ ಆ ಐದು ತಿಂಗಳು ನನ್ನ ಬಾಳೆಲ್ಲ ಒಂದು ಅಕ್ಷರದ ಮೇಲೆ ನಿಂತಿತ್ತು.

೧. ಗೊರಗುಂಟೆಪಾಳ್ಯದಲ್ಲಿ ಅಳು

ಬಸ್ಸು ಹೆಬ್ಬಾಳದಲ್ಲಿ ಒಂದಷ್ಟು ಜನರನ್ನ, ಯಶವಂತಪುರದಲ್ಲಿ ಒಂದಷ್ಟು ಜನರನ್ನ ಹತ್ತಿಸಿಕೊಂಡು ಗೊರಗುಂಟೆಪಾಳ್ಯಕ್ಕೆ ಬಂದು ನಿಲ್ಲುತ್ತೆ. ಶುಕ್ರವಾರ ಸಂಜೆ ಆ ಜಂಕ್ಷನ್ನಿನಲ್ಲಿ ಇಡೀ ಬೆಂಗಳೂರು ತುಮಕೂರು ರಸ್ತೆ ಹಿಡಿಯೋಕೆ ನಿಂತಿರುತ್ತೆ. ಆ ಗದ್ದಲದಲ್ಲಿ ಮೇಡಂ ಆಫೀಸಿನಿಂದ ಫೋನ್ ಮಾಡಿ ಲೆಕ್ಕ ಕೇಳಿದರು. ಹದಿಮೂರು ಜನ ಬರಬೇಕಿತ್ತು.

ನಾನು ಒಂದು ಕಿವಿ ಮುಚ್ಚಿಕೊಂಡು ಕೂಗಿದೆ. "ಅತ್ತು ಜನ ಅತ್ತವ್ರೆ ಮೇಡಂ."

ಆ ಕಡೆಯಿಂದ ಮೇಡಂ ಗಾಬರಿಯಿಂದ ಯಾಕೆ, ಏನಾಯ್ತು ಅಂತ ಕೇಳಿದರು. ಇದೇನು ಪ್ರಶ್ನೆ ಅಂತ ನನಗೆ.

"ಬಸ್ಸು ಬಂತಲ್ಲ ಮೇಡಂ, ಅದ್ಕೇ."

"ಬಸ್ ಬಂದಿದ್ದಕ್ಕೆ ಅತ್ರಾ? ಎಲ್ರೂ?"

"ಎಲ್ರೂ ಇಲ್ಲ. ಮೂರು ಜನ ಇನ್ನೂ ಅತ್ತಿಲ್ಲ. ಅವ್ರು ದಾಸರಳ್ಳೀಲಿ ಅತ್ಕೋತಾರೆ."

ಮೇಡಂ ಫೋನ್ ಇಟ್ಟು ಡ್ರೈವರಿಗೆ ಮಾಡಿದರು. ಬಸ್ಸಿನ ಒಳಗೆ ಯಾರಾದರೂ ಸತ್ತಿದ್ದಾರಾ ಅಂತ ಕೇಳಿದರಂತೆ. ಡ್ರೈವರು ಹಿಂದೆ ತಿರುಗಿ ನೋಡಿ, "ಇಲ್ಲ ಮೇಡಂ, ಎಲ್ಲಾ ಚಿಪ್ಸ್ ತಿಂತಾ ಇದಾರೆ," ಅಂದನಂತೆ.

೨. ಕೆಂಪಕ್ಕಿ

ಮುಂದಿನ ತಂಡ ಹಕ್ಕಿ ನೋಡೋರದು. ಇವರು ಬೆಟ್ಟ ಹತ್ತೋಕೆ ಅವಸರ ಮಾಡಲ್ಲ. ಕುತ್ತಿಗೆಗೆ ದುರ್ಬೀನು, ಹೆಗಲಿಗೆ ತೋಪಿನಂಥ ಕ್ಯಾಮೆರಾ, ಹತ್ತು ಹೆಜ್ಜೆಗೊಮ್ಮೆ ನಿಂತು ಮೇಲೆ ನೋಡ್ತಾರೆ. ಅವರಲ್ಲಿ ಆರ್.ಟಿ. ನಗರದ ಒಬ್ಬರು ರಿಟೈರಾದ ಕನ್ನಡ ಟೀಚರ್ ಇದ್ದರು. ತೆಳ್ಳಗೆ, ಬಿಳಿ ಕೂದಲು, ಸೀರೆ ಮೇಲೆ ಸ್ಪೋರ್ಟ್ಸ್ ಶೂ. ಹತ್ತೋದರಲ್ಲಿ ಹುಡುಗರಿಗಿಂತ ಗಟ್ಟಿ. ಅಂದರೆ ನನ್ನನ್ನ ಬಿಟ್ಟು.

ನಮ್ಮೂರ ಕಡೆ ತಲೆ ಮೇಲೆ ಹಾರೋದು ವಿಮಾನ. ಆದರೂ ಹಕ್ಕಿ ಮೊದಲು ಕಂಡಿದ್ದು ನನಗೇ. ದಟ್ಟ ಮರದ ನಡುವಿನ ಕೊಂಬೆ ಮೇಲೆ, ಹೊಟ್ಟೆಯೆಲ್ಲ ಕುಂಕುಮ ಬಳಿದ ಹಾಗೆ ಕೆಂಪಗೆ, ಅಲ್ಲಾಡದೆ ಕೂತಿತ್ತು. ಎಲ್ಲರಿಗೂ ಕೈ ಮಾಡಿ ನಿಲ್ಲಿಸಿ ಪಿಸುಗುಟ್ಟಿದೆ. "ಸದ್ದು ಮಾಡ್ಬೇಡಿ. ಮ್ಯಾಲೆ ಅಕ್ಕಿ ಐತೆ."

ಅಷ್ಟೂ ದುರ್ಬೀನುಗಳು ಮೇಲೆ ಹೋಗೋ ಬದಲು ನನ್ನ ಕಡೆ ತಿರುಗಿದವು. ಮರದ ಮೇಲೆ ಅಕ್ಕಿ ಹೇಗೆ ಬಂತು ಅಂತ ಒಬ್ಬರು ಕೇಳಿದರು. ಮರದ ಮೇಲಲ್ಲದೆ ಮನೇಲಿರ್ತದಾ ಅಂತ ನಾನು.

"ಮನೇಲೇ ಅಲ್ವಾ ಇರೋದು," ಅಂದರು ಅವರು.

ನನಗೆ ರೇಗಿತು. ಪಂಜರದಲ್ಲಿ ಇಟ್ಟಿರೋರು ಇವರು, ಕಾಡಿನ ಬೆಲೆ ಏನು ಗೊತ್ತು ಅಂದುಕೊಂಡು, ಸ್ವಲ್ಪ ಜೋರಾಗಿಯೇ, "ನೋಡ್ರೀ ಸರಿಯಾಗಿ, ಕೆಂಪಕ್ಕಿ," ಅಂದೆ. ಕರಾವಳಿ ಕಡೆಯ ಒಬ್ಬ ಹೆಂಗಸು ಪಕ್ಕದವರಿಗೆ, ನಮ್ಮಲ್ಲಿ ಅದನ್ನೇ ಕುಚ್ಚಲಕ್ಕಿ ಅನ್ನೋದು, ಗಂಜಿಗೆ ಬಹಳ ರುಚಿ ಅಂತ ಶುರು ಮಾಡಿದರು. ಈ ಗಲಾಟೆಗೆ ಹಕ್ಕಿ ಎದ್ದು ಹಾರಿಹೋಯಿತು.

ಟೀಚರ್ ಅದು ಹೋದ ದಿಕ್ಕನ್ನೇ ನೋಡುತ್ತಾ ತಣ್ಣಗೆ ಹೇಳಿದರು. "ಪರವಾಗಿಲ್ಲಪ್ಪ, ಆರಿಸಿದ ಅಕ್ಕಿ ನೋಡಿದ್ದೆ. ಹಾರೋ ಅಕ್ಕಿ ಇವತ್ತೇ ನೋಡಿದ್ದು."

೩. ಡಿಗ್ರಿ ಆದಮೇಲೆ

ಟೀಚರಿಗೆ ಆವತ್ತಿಂದ ನನ್ನ ಮೇಲೆ ಅಕ್ಕರೆ ಬಂತು. ಬಸ್ಸಿನಲ್ಲಿ ಪಕ್ಕ ಕೂರಿಸಿಕೊಂಡು ಮನೆಪಾಠ ಕೊಟ್ಟರು. ಬಾಯಿ ಮುಂದೆ ಅಂಗೈ ಹಿಡಿಯಬೇಕು, 'ಹ' ಅನ್ನಬೇಕು, ಉಸಿರು ಅಂಗೈಗೆ ಬಿಸಿಯಾಗಿ ತಾಗಬೇಕು. ತಾಗಿದರೆ ಹ, ತಾಗದಿದ್ದರೆ ಅ. ದಿನಕ್ಕೆ ನೂರು ಸಲ.

ನಾನು ಹಿಡಿದ ಕೆಲಸ ಬಿಡೋನಲ್ಲ. ಬೆಳಗ್ಗೆ ಎದ್ದು ತಾರಸಿ ಮೇಲೆ ನಿಂತು, ಅಂಗೈ ಮುಂದೆ ಹಿಡಿದು ಶುರು ಮಾಡಿದೆ. ಹ್ಹ. ಹ್ಹ. ಹ್ಹ. ಮೂವತ್ತು ಆಗೋ ಹೊತ್ತಿಗೆ ಅಮ್ಮ ಮೆಟ್ಟಿಲು ಹತ್ತಿ ಓಡಿ ಬಂದಳು. ಕೈಯಲ್ಲಿ ಮೆಣಸಿನ ಕಷಾಯ, ಹಿಂದೆ ಪಕ್ಕದ ಮನೆಯಾಕೆ ವಿಕ್ಸ್ ಡಬ್ಬಿ ಹಿಡಿದುಕೊಂಡು. ಮಗನಿಗೆ ದಮ್ಮು ಬಂದಿದೆ, ಕಾಡಿನ ಮಂಜು ಎದೆಗೆ ಇಳಿದಿದೆ ಅಂತ ಇಬ್ಬರೂ ಆಗಲೇ ತೀರ್ಮಾನ ಮಾಡಿಕೊಂಡಿದ್ದರು.

"ಏನಾಗಿಲ್ಲ ಸುಮ್ನಿರಮ್ಮ," ಅಂದೆ. "ಅ ಕಲೀತಾ ಇದೀನಿ."

ಅಮ್ಮ ಕಷಾಯದ ಲೋಟ ಕೆಳಗಿಟ್ಟಳು.  ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೆಳಗೆ ಹೋಗಿ ಮಾವನಿಗೆ ಫೋನ್ ಮಾಡಿದಳು. "ಅಣ್ಣ, ಆ ಪೀಜಿ ಕೆಲ್ಸ ಇನ್ಯಾರ್ಗೂ ಕೊಡಬ್ಯಾಡ. ಡಿಗ್ರಿ ಓದ್ಸಿದ್ಮೇಲೆ ಇವ್ನು, ಈಗ ಅಆಇಈ ಇಂದ ಸುರು ಮಾಡ್ಕಂಡವ್ನೆ."

೪. ಹಿಂಬಳ

ಆದರೆ ಹಟ ಅಂದರೆ ಹಟ. ಎರಡೇ ವಾರಕ್ಕೆ ನನಗೆ ಹ ಬಂತು. ಬಂದ ಮೇಲೆ ಹೋಗೋದನ್ನೇ ಮರೆಯಿತು. ಹೋಮ್‌ಸ್ಟೇಯಲ್ಲಿ ಬೆಳಗ್ಗೆ ಎಲ್ಲರನ್ನೂ ಕರೆದು, "ಹಿಡ್ಲಿ ಹಿದೆ, ಹುಪ್ಪಿಟ್ಟು ಹಿದೆ, ಹೆಲ್ರೂ ಹೂಟಕ್ಕೆ ಬನ್ನಿ," ಅಂದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಉಚ್ಚಾರ ಅಂದರೆ ಇದು, ಇವರಿಗೆ ಅಭ್ಯಾಸ ಇಲ್ಲ ಅಂದುಕೊಂಡೆ.

ಬೆಟ್ಟಕ್ಕೆ ನಮ್ಮ ಜೊತೆ ಅಲ್ಲಿನವರೇ ಒಬ್ಬರು ದಾರಿ ತೋರಿಸೋಕೆ ಬರ್ತಾರೆ. ವಯಸ್ಸಾದವರು, ಮಾತು ಕಮ್ಮಿ. ಮಳೆ ಹಿಡಿದಿತ್ತು. ಕಾಲಿಗೆ ಏನೋ ಹತ್ತುತ್ತಿದೆ ಅಂತ ಒಬ್ಬ ಹುಡುಗಿ ಕೂಗಿದ್ದಕ್ಕೆ ಅವರು, ಅದು ಇಂಬಳ, ಉಪ್ಪು ಹಾಕಿ ಬಿಡುತ್ತೆ ಅಂದರು. ಜಿಗಣೆಗೆ ಮಲೆನಾಡಲ್ಲಿ ಹಾಗೇ ಅನ್ನೋದು. ನನಗೆ ಅದು ಗೊತ್ತಿರಲಿಲ್ಲ. ನನಗೆ ಕೇಳಿಸಿದ್ದು ಒಂದೇ. ಇವರೂ ನಮ್ಮವರೇ, ಪಾಪ, ಇವರಿಗೂ ಹ ಬರಲ್ಲ.

ಕಲಿತವನು ಕಲಿಯದವನಿಗೆ ಹೇಳಿಕೊಡಬೇಕಲ್ಲ. ಹದಿನೈದು ಜನರ ಮುಂದೆ ಅವರ ಹೆಗಲ ಮೇಲೆ ಕೈ ಹಾಕಿ, "ಯಜಮಾನ್ರೇ, ಅದು ಇಂಬಳ ಹಲ್ಲ. ಹಿಂಬಳ," ಅಂದೆ. ಅಂಗೈ ಹಿಡಿದು ಉಸಿರು ತಾಗಿಸಿಯೂ ತೋರಿಸಿದೆ. ಯಾಕೆ ಹಾಗಂತಾರೆ ಅಂತ ಆ ಹುಡುಗಿ ಕೇಳಿದಳು. ಗೊತ್ತಿಲ್ಲ ಅನ್ನೋದು ನನ್ನ ಬಾಯಲ್ಲಿ ಬರಲ್ಲ. ಹಿಂದಿನಿಂದ ಬಂದು ಕಚ್ಚುತ್ತೆ, ಅದಕ್ಕೇ ಹಿಂಬಳ ಅಂದೆ. ಅವಳು ಅದನ್ನ ಫೋನಿನಲ್ಲಿ ಬರೆದುಕೊಂಡಳು.

ಆ ಯಜಮಾನರು ಉಪ್ಪಿನ ಪೊಟ್ಟಣ ಜೇಬಿಗೆ ಹಾಕಿಕೊಂಡು ಮುಂದೆ ನಡೆದರು. ಮೇಲೆ ಹೋಗಿ, ಕೆಳಗೆ ಇಳಿದು, ಹೋಮ್‌ಸ್ಟೇ ಅಂಗಳ ಮುಟ್ಟಿದೆವು. ಅಲ್ಲಿ ನಾನು ಶೂ ಬಿಚ್ಚೋಕೆ ಬಗ್ಗಿದೆ. ನನ್ನ ಪ್ಯಾಂಟಿನ ಹಿಂಭಾಗದಲ್ಲಿ ಅಂಗೈ ಅಗಲ ರಕ್ತ.

"ನೀವು ಹೇಳಿದ್ದೇ ಸರಿ ಮಾರಾಯ್ರೆ," ಅಂದರು ಅವರು, ಉಪ್ಪಿನ ಪೊಟ್ಟಣ ನನ್ನ ಕೈಗೆ ಕೊಡುತ್ತಾ. "ನಂಗೆ ಕಚ್ಚಿದ್ದು ಇಂಬಳ. ನಿಮಗೆ ಕಚ್ಚಿದ್ದು ಹಿಂಬಳ."

೫. ಹಗ್ಗದ ಗತಿ

ಆವತ್ತೇ ನಾನು ಹಕಾರಕ್ಕೆ ಕೈ ಮುಗಿದೆ. ಹುಟ್ಟಿದ ನಾಲಿಗೆಯೇ ಇರಲಿ ಅಂದುಕೊಂಡೆ. ಮುಂದಿನ ವಾರವೇ ಅದಕ್ಕೂ ಶಿಕ್ಷೆ ಆಯಿತು.

ದಾರಿಯಲ್ಲಿ ಒಂದು ಹಳ್ಳ ಬರುತ್ತೆ. ಮಳೆ ಬಿದ್ದ ಮಾರನೇ ದಿನ ಮೊಣಕಾಲವರೆಗೆ ನೀರು, ಮುಳುಗೋ ಭಯ ಇಲ್ಲ, ಜಾರೋ ಭಯ ಇದೆ. ನಾನು ಹಗ್ಗದ ಒಂದು ತುದಿ ಹಿಡಿದು ಆ ದಡಕ್ಕೆ ಹೋದೆ. ಇನ್ನೊಂದು ತುದಿಯನ್ನ ಈ ದಡದಲ್ಲಿ ಜಿಮ್ಮಿಗೆ ಹೋಗೋ ಇಬ್ಬರು ಹುಡುಗರ ಕೈಗೆ ಕೊಟ್ಟೆ. ಹೊಸದಾಗಿ ಮದುವೆಯಾದ ಒಬ್ಬರು ಹೆಂಡತಿಯನ್ನ ದಾಟಿಸಿ, ಮತ್ತೆ ಬ್ಯಾಗ್ ತರೋಕೆ ಹೋಗಿ, ಬ್ಯಾಗ್ ಹೊತ್ತು ಹಗ್ಗ ಹಿಡಿದು ಬರ್ತಿದ್ದರು. ನಡುನೀರಿಗೆ ಬಂದಾಗ ಹಗ್ಗ ಸ್ವಲ್ಪ ಸಡಿಲ ಆದ ಹಾಗೆ ಕಂಡಿತು.

"ಅಗ್ಗ ಇಡೀರಿ," ಅಂತ ಹುಡುಗರಿಗೆ ಕೂಗಿದೆ. "ಗಟ್ಟಿಯಾಗಿ ಇಡಿ."

ಜಿಮ್ಮಿನ ಹುಡುಗರು ಸಂಭಾವಿತರು. ಹೇಳಿದ ಮಾತು ಕೇಳೋರು. ಇಬ್ಬರೂ ಬಗ್ಗಿ ಹಗ್ಗವನ್ನ ಒಂದು ಬಂಡೆಯ ಮೇಲೆ ಇಟ್ಟರು. ಗಟ್ಟಿಯಾಗಿ ಇಡಿ ಅಂದಿದ್ದಕ್ಕೆ ಮೇಲೊಂದು ಕಲ್ಲೂ ಇಟ್ಟರು. ಮದುಮಗ ನೀರಿನಲ್ಲಿ ಮೆಲ್ಲಗೆ, ಸೋಫಾ ಮೇಲೆ ಕೂತ ಹಾಗೆ ಕೂತರು. ಹೆಂಡತಿ ಎತ್ತೋಕೆ ಓಡಲಿಲ್ಲ, ಫೋಟೋ ತೆಗೆದರು.

ನಾನು ಹುಡುಗರ ಮೇಲೆ ಹಾರಾಡಿದೆ. ಅವರಲ್ಲಿ ಒಬ್ಬ ಕೈ ಒರೆಸಿಕೊಂಡು, "ನೀವೇ ತಾನೇ ಗುರು ಇಡಿ ಅಂದಿದ್ದು? ಎಲ್ಲಿ ಇಡೋದು ಅಂತ ಹೇಳ್ಲಿಲ್ಲ, ಅದಕ್ಕೆ ಚೆನ್ನಾಗಿರೋ ಜಾಗ ನೋಡಿ ಇಟ್ವಿ," ಅಂದ.

ಆ ಫೋಟೋ ಮೇಡಂವರೆಗೂ ಹೋಯಿತು. ಅವರು ನನ್ನನ್ನ ಆಫೀಸಿಗೆ ಕರೆಸಿದರು. ಬೈಯಲಿಲ್ಲ, ಅದೇ ಭಯ. ನೀನು ಹತ್ತೋದರಲ್ಲಿ ಎತ್ತಿದ ಕೈ, ಆದರೆ ಹೆಡ್ ಆದವನ ಮಾತು ನಂಬಿ ಜನ ಹೆಜ್ಜೆ ಇಡ್ತಾರೆ, ನಿನ್ನ ಮಾತು ನಂಬಿ ಹಗ್ಗ ಇಟ್ಟರು ಅಂದರು. ದಸರಾ ಆದಮೇಲಿನ ಟ್ರೆಕ್ಕಿಗೆ ನಾನೇ ಬರ್ತೀನಿ, ಹಿಂದೆ ನಿಂತು ನೋಡ್ತೀನಿ, ಅವತ್ತು ತೀರ್ಮಾನ ಅಂದರು. ಹೊರಗೆ ಬಂದರೆ ಮಾವನ ಫೋನು. ಪೀಜಿಯಲ್ಲಿ ಕೂರೋಕೆ ತಿರುಗೋ ಕುರ್ಚಿ ತಂದಿದ್ದಾರಂತೆ.

೬. ಏಳಿ

ಆ ಟ್ರೆಕ್ಕಿಗೆ ಕನ್ನಡ ಟೀಚರ್ ಮತ್ತೆ ಬಂದಿದ್ದರು. ಟಿ. ದಾಸರಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರೋ ಒಬ್ಬ ದಪ್ಪನೆಯ ಸಾಹುಕಾರರು ಹೊಸಬರು. ಮೇಡಂ ಕೊನೆಯ ಸೀಟಿನಲ್ಲಿ ಡೈರಿ ಹಿಡಿದು ಕೂತಿದ್ದರು.

ಬಸ್ಸು ನೆಲಮಂಗಲ ದಾಟಿದ ಮೇಲೆ ಪರಿಚಯ ಮಾಡಿಸೋದು ನಮ್ಮ ಪದ್ಧತಿ. ಎದ್ದು ನಿಂತು, "ಈಗ ಒಬ್ಬೊಬ್ರಾಗಿ ನಿಮ್ಮ ಎಸ್ರು ಏಳಿ," ಅಂದೆ. ಸಾಹುಕಾರರು ದಡಬಡಿಸಿ ಎದ್ದರು. ತಲೆ ಮೇಲಿನ ಲಗೇಜ್ ಕಂಬಿಗೆ ಬಡಿಯಿತು. ಮೇಡಂ ಡೈರಿಯಲ್ಲಿ ಏನೋ ಬರೆದರು.

ಆಗ ಟೀಚರ್ ನನ್ನ ಮಾನ ಉಳಿಸೋಕೆ ತಿರುಗಿ ಕೂತು ಎಲ್ಲರಿಗೂ ಒಂದು ಸೂತ್ರ ಕೊಟ್ಟರು. "ಕೂತ್ಕೊಳ್ಳಿ ಸರ್. ಈ ಹುಡುಗ ಏಳಿ ಅಂದ್ರೆ ಹೇಳಿ ಅಂತ. ಇವನ ಮಾತಿನ ಮುಂದೆ ನೀವೇ ಒಂದು ಹ ಹಾಕಿಕೊಂಡು ಕೇಳಿ, ಯಾವ ತೊಂದರೆಯೂ ಆಗಲ್ಲ."

ನಿಜವಾಗಲೂ ಆಗಲಿಲ್ಲ. ಮಾರನೇ ದಿನ ಬೆಳಗ್ಗೆಯಿಂದ ನಾನು ಅಗ್ಗ ಅಂದರೆ ಹಗ್ಗ ಹಿಡಿದರು, ಅಳ್ಳ ಅಂದರೆ ಹಳ್ಳ ನೋಡಿದರು, ಅಕ್ಕಿ ಅಂದರೆ ಮೇಲೆ ನೋಡಿದರು. ನನಗೂ ನಾಲಿಗೆ ಹಗುರಾಯಿತು. ಒಂದೇ ಒಂದು ತೊಂದರೆ ಅಂದರೆ ಸಾಹುಕಾರರು. ಅವರ ಪಿತ್ತಕೋಶದ ಕಲ್ಲು ತೆಗೆಸಿದ ಕಥೆ ಯಾರಿಗಾದರೂ ಹೇಳಲೇಬೇಕಿತ್ತು. ಬಸ್ಸಿನಲ್ಲಿ ಶುರು ಮಾಡಿದರು, ಮೇಡಂ ಆಮೇಲೆ ಹೇಳಿ ಸರ್ ಅಂದರು. ತಿಂಡಿಗೆ ಕೂತಾಗ ಶುರು ಮಾಡಿದರು, ಟೀಚರ್ ತಿನ್ನೋವಾಗ ಬೇಡ ಅಂದರು. ಏರಿನಲ್ಲಿ ಶುರು ಮಾಡಿದರು, ಉಸಿರೇ ಸಾಲಲಿಲ್ಲ.

ಮಧ್ಯಾಹ್ನ ಹುಲ್ಲುಗಾವಲಿನ ಅಂಚಿನಲ್ಲಿ ಬುತ್ತಿ ಬಿಚ್ಚಿದೆವು. ಎಲ್ಲರೂ ಕಣಿವೆ ನೋಡುತ್ತಾ ಸಾಲಾಗಿ ಕೂತಿದ್ದರು, ಬೆನ್ನ ಹಿಂದೆ ದಟ್ಟ ಕಾಡು. ಮೇಡಂ ಸ್ವಲ್ಪ ದೂರದಲ್ಲಿ ಎತ್ತರದ ಬಂಡೆ ಮೇಲಿದ್ದರು. ನಾನು ಎಲ್ಲರ ಎದುರಿಗೆ ನಿಂತು ಚಿತ್ರಾನ್ನ ಹಂಚುತ್ತಿದ್ದೆ. ತಲೆ ಎತ್ತಿದೆ.

ಸಾಲಿನ ಹಿಂದೆ ಮೂವತ್ತು ಹೆಜ್ಜೆಯಲ್ಲಿ ಕಾಡುಕೋಣ ನಿಂತಿತ್ತು. ಮರದ ನೆರಳು ಎದ್ದು ಬಂದ ಹಾಗೆ ಕಪ್ಪಗೆ, ನಾಲ್ಕು ಕಾಲಿಗೂ ಬಿಳಿ ಸಾಕ್ಸ್ ಹಾಕಿದ ಹಾಗೆ. ನಮ್ಮ ಮನೆಯ ಎಮ್ಮೆಯ ಎರಡರಷ್ಟು. ಅದು ನನ್ನನ್ನೇ ನೋಡುತ್ತಿತ್ತು.

ಕಾಡುಕೋಣ ಕಂಡರೆ ಏನು ಮಾಡಬೇಕು ಅಂತ ನಾನೇ ನೂರಾರು ಜನಕ್ಕೆ ಪಾಠ ಮಾಡಿದ್ದೀನಿ. ಕೂಗಬಾರದು, ಓಡಬಾರದು, ಕೂತಿದ್ದರೆ ದಡಕ್ಕನೆ ಏಳಬಾರದು. ಆ ಗಳಿಗೆಯಲ್ಲಿ ಅದರಲ್ಲಿ ಒಂದಕ್ಷರವೂ ತಲೆಯಲ್ಲಿರಲಿಲ್ಲ. ಎಲ್ಲರನ್ನೂ ಎಬ್ಬಿಸಿ ಓಡಿಸಬೇಕು, ಅವರಿಗಿಂತ ಮೊದಲು ನಾನು ಓಡಬೇಕು ಅನ್ನೋದೊಂದೇ ಇತ್ತು.  ಹೇಗೋ ಪಿಸುಗುಟ್ಟಿದೆ.

"ಏಳಿ."

ಹುಟ್ಟಿದಾಗಿನಿಂದ ಅಷ್ಟು ಶುದ್ಧವಾದ ಕನ್ನಡ ನಾನು ಆಡಿರಲಿಲ್ಲ. ಏಳಿ ಅಂದರೆ ಏಳಿ ಅಂತಲೇ ನನ್ನ ಅರ್ಥ. ಯಾರೂ ಏಳಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ಒಂದು ಹ ಹಾಕಿಕೊಂಡರು.

"ಹೇಳಿ ಅಂತಿದ್ದಾನೆ ನೋಡಿ," ಅಂದರು ಟೀಚರ್, ಸಾಹುಕಾರರ ಕಡೆ ತಿರುಗಿ. "ಪಾಪ, ಬೆಳಗ್ಗೆಯಿಂದ ಕಾಯ್ತಿದ್ರಿ. ಈಗ ಹೇಳಿ."

ಸಾಹುಕಾರರ ಮುಖ ಅರಳಿತು. ಚಿತ್ರಾನ್ನ ಪಕ್ಕಕ್ಕಿಟ್ಟು, ಕಾಲು ಚಾಚಿ, "ಮೊದ್ಲು ನಂಗೆ ಗ್ಯಾಸ್ ಅಂದ್ಕೊಂಡೆ ಕಣ್ರೀ," ಅಂತ ಶುರು ಮಾಡಿದರು.

ಕಾಡುಕೋಣ ಒಂದು ಹೆಜ್ಜೆ ಮುಂದೆ ಇಟ್ಟಿತು.

"ಏಳಿ," ಅಂದೆ. "ಬೇಗ ಏಳಿ."

"ಹೇಳ್ತಾ ಇದೀನಲ್ಲಪ್ಪ, ಅರ್ಜೆಂಟ್ ಮಾಡ್ಬೇಡ. ಸ್ಕ್ಯಾನಿಂಗ್‌ಗೆ ಹೋದೆ. ಡಾಕ್ಟ್ರು ಸ್ಕ್ರೀನ್ ನೋಡಿ ನರ್ಸನ್ನ ಕರೆದ್ರು."

ಹಿಂದೆ ನೋಡಿ ಅನ್ನೋಣ ಅಂತ ಬಾಯಿ ತೆಗೆದೆ. ಭಯಕ್ಕೆ ಮಾತು ಹೊರಡಲಿಲ್ಲ, ಬರೀ ಗಾಳಿ ಹೊರಟಿತು. "ಹ್ಹ... ಹ್ಹ... ಹ್ಹಿಂ..." ಅಂಗೈ ತಾನಾಗಿ ಬಾಯಿ ಮುಂದೆ ಬಂದಿತ್ತು. ಉಸಿರು ಬೆಂಕಿಯಷ್ಟು ಬಿಸಿ. ಟೀಚರ್ ಕಣ್ಣಲ್ಲಿ ನೀರು ತುಂಬಿಕೊಂಡು ಪಕ್ಕದವರಿಗೆ, "ಕೇಳಿದ್ರಾ? ಬಂತು. ಹಕಾರ ಬಂತು," ಅಂದರು.

ಈ ಕಡೆ ಒಬ್ಬರು ಪಿತ್ತದ ಕಲ್ಲಿನ ಗಾತ್ರ ಹೇಳುತ್ತಾ ನಿಂಬೆಹಣ್ಣಿನಷ್ಟು ಬೆರಳು ಅಗಲಿಸುತ್ತಿದ್ದರು. ಆ ಕಡೆ ಕಾಡುಕೋಣ ಕಿವಿ ನಿಮಿರಿಸಿ ನಿಂತು ಪೂರ್ತಿ ಕೇಳಿಸಿಕೊಂಡಿತು. ಆಪರೇಷನ್ ಮುಗಿದು, ಕಲ್ಲನ್ನ ಬಾಟಲಿಯಲ್ಲಿ ಹಾಕಿ ವರ್ಕ್‌ಶಾಪಿನ ಶೋಕೇಸಿನಲ್ಲಿ ಇಟ್ಟಿದ್ದೀನಿ ಅನ್ನೋ ಹೊತ್ತಿಗೆ ಅದಕ್ಕೂ ಸಾಕಾಯಿತು ಅಂತ ಕಾಣುತ್ತೆ. ಮೂಗಿನಿಂದ ಬುಸ್ ಅಂತ ಒಂದು ಉಸಿರು ಬಿಟ್ಟು, ತಿರುಗಿ, ಅವಸರವಿಲ್ಲದೆ ಕಾಡಿನೊಳಗೆ ಹೋಯಿತು. ಆ ಉಸಿರಿನ ಸದ್ದಿಗೆ ಸಾಹುಕಾರರು ಹಿಂದೆ ತಿರುಗಿ ಅದರ ಬಾಲ ನೋಡಿದರು. ಆಮೇಲೆ ಅರ್ಧ ಗಂಟೆ ಅವರು ಏಳಿ ಅಂದರೂ ಏಳಲಿಲ್ಲ, ಹೇಳಿ ಅಂದರೂ ಹೇಳಲಿಲ್ಲ.

ಮೇಡಂ ಬಂಡೆಯಿಂದ ಇಳಿದು ಬಂದರು. ಅವರು ಮೊದಲಿಂದ ಎಲ್ಲ ನೋಡಿದ್ದರು, ಒಂದು ಮಾತೂ ಅಲ್ಲಿಗೆ ಕೇಳಿಸಿರಲಿಲ್ಲ. ನನ್ನ ಎರಡೂ ಭುಜ ಹಿಡಿದುಕೊಂಡರು. ಒಬ್ಬರೂ ಏಳಲಿಲ್ಲ, ಒಬ್ಬರೂ ಓಡಲಿಲ್ಲ, ಎದುರಿಗೆ ಕಾಡುಕೋಣ ಇಟ್ಟುಕೊಂಡು ಜನರನ್ನ ಕಥೆಯಲ್ಲಿ ಕೂರಿಸಿದೆಯಲ್ಲ, ಇಷ್ಟು ವರ್ಷದಲ್ಲಿ ಇಂಥ ಗೈಡನ್ನ ನೋಡಿಲ್ಲ ಅಂದರು. ನಾನು ಸುಳ್ಳು ಹೇಳಲಿಲ್ಲ. ಅವರು ಏನನ್ನೂ ಕೇಳಲಿಲ್ಲ, ನಾನೂ ಏನನ್ನೂ ಹೇಳಲಿಲ್ಲ.

ಟೀಚರ್ ಮಾತ್ರ ಇಳಿಯುವಾಗ ಪಕ್ಕಕ್ಕೆ ಬಂದು, ಯಾರಿಗೂ ಕೇಳಿಸದ ಹಾಗೆ, "ನಿಜ ಹೇಳು. ಆಗ ನೀನು ಅಂದಿದ್ದು ಏಳಿ ಅಂತಲೋ, ಹೇಳಿ ಅಂತಲೋ?" ಅಂದರು.

"ನೀವು ಏನ್ ಕೇಳಿಸ್ಕೊಂಡ್ರೋ ಅದೇ ಟೀಚರ್," ಅಂದೆ.

ಹೋಮ್‌ಸ್ಟೇ ಅಂಗಳದಲ್ಲಿ ಕಾಫಿ ಕುಡಿಯುವಾಗ ಮೇಡಂ ಎಲ್ಲರ ಮುಂದೆ ಡೈರಿ ಮುಚ್ಚಿ ಹೇಳಿಬಿಟ್ಟರು. ಇವತ್ತಿಂದ ಇವನೇ ಹೆಡ್. ಚಪ್ಪಾಳೆ ಬಿತ್ತು. ಅಲ್ಲಿ ಸಿಗ್ನಲ್ ಸಿಗೋದು ತೋಟದಾಚೆಯ ಒಂದೇ ಒಂದು ಬಂಡೆ ಮೇಲೆ. ಓಡಿಹೋಗಿ ಹತ್ತಿ ನಿಂತು ಮಾವನಿಗೆ ಫೋನ್ ಮಾಡಿದೆ. ಆ ತಿರುಗೋ ಕುರ್ಚಿಯನ್ನ ವಾಪಸ್ ಕಳಿಸಿಬಿಡಿ ಅಂತ ಹೇಳೋ ಆಸೆ ಅದು ಬಂದ ದಿನದಿಂದ ಹೊಟ್ಟೆಯಲ್ಲಿತ್ತು. ಎದೆ ಉಬ್ಬಿಸಿ ಕೂಗಿದೆ.

"ಮಾವ, ನಾನು ಎಡ್ಡಾದೆ."

 ಮಾವ ಅನುಕಂಪದಿಂದ, ನಾನು 'ಹೆಡ್ಡ' ಆದೆ ಅಂತಲೇ ತಿಳಿದು, ಹೇಳಿದರು.

"ಅದಕ್ಯಾಕ್ಲಾ ಅಷ್ಟ್ ದೂರ ಓಗಿದ್ದೆ? ಅದು ಊರಲ್ಲಿ ಎಲ್ರಿಗೂ ಮೊದ್ಲೇ ಗೊತ್ತಿತ್ತಲ್ಲ."